ಅಂಗಡಿಗೆ ಕೊಟ್ಟ ದನಿ

ಹೊಟ್ಟೆಕಿಚ್ಚು ಪಡುವುದಕ್ಕೆ ಮನುಷ್ಯರಿಗೆ ನೂರೆಂಟು ಕಾರಣಗಳಿರುತ್ತವೆ. ಪಕ್ಕದ ಮನೆಯವರ ಸೀರೆ, ಎದುರು ಮನೆಯವರ ಕಾರು, ಓರಗಿತ್ತಿಯ ಕೂದಲು, ಜೊತೆಯಲ್ಲಿ ಕೆಲಸ ಮಾಡುವವರಿಗೆ ಸಿಕ್ಕ ವರ್ಗಾವಣೆ, ಇವೆಲ್ಲ ಇದ್ದದ್ದೇ. ನಾನೂ ಕಾಲಕಾಲಕ್ಕೆ ಇವಕ್ಕೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದೇನೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ಒಬ್ಬ ಹೆಂಗಸು ತನ್ನ ಗಂಟಲಿನಿಂದಲೇ ಹೊರಟ ದನಿಯ ಮೇಲೆ ಹೊಟ್ಟೆಕಿಚ್ಚು ಪಟ್ಟು, ಆಮೇಲೆ ಅದಕ್ಕೆ ಹೆದರಿ, ಅದು ಇರುವ ಬೀದಿಯನ್ನು ತಪ್ಪಿಸಿ ಸುತ್ತು ಹಾಕಿಕೊಂಡು ಮನೆ ಸೇರುತ್ತಿದ್ದಳು ಅಂತ ನೀವು ಎಲ್ಲೂ ಕೇಳಿರಲಾರಿರಿ. ಆ ಹೆಂಗಸು ನಾನೇ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ಈಗ ಹೇಳಿಬಿಡುತ್ತೇನೆ.

ನನ್ನ ದನಿಯ ಬಗ್ಗೆ ಮೊದಲು ಎರಡು ಮಾತು. ನಾನು ಶ್ರೀನಿವಾಸಪುರದಲ್ಲಿ ಹೈಸ್ಕೂಲಿನ ಕನ್ನಡ ಟೀಚರು. ಮನೆ ಕೋಲಾರದಲ್ಲಿ. ಇಪ್ಪತ್ತೆಂಟು ವರ್ಷಗಳಿಂದ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತಿದ್ದೇನೆ. ಒಂದೊಂದು ತರಗತಿಯಲ್ಲಿ ಅರವತ್ತು ಮಕ್ಕಳನ್ನು ಕೂರಿಸಿಕೊಂಡು, ಹೊರಗೆ ಮಾವಿನಕಾಯಿ ಲಾರಿಗಳು ಹಾರನ್ ಹೊಡೆಯುತ್ತಿರುವಾಗ, ಹಳಗನ್ನಡ ಪದ್ಯ ಹೇಳಿಕೊಡಬೇಕಾದರೆ ಗಂಟಲು ಹೇಗಾಗಬೇಕೋ ನನ್ನದು ಹಾಗೇ ಆಗಿದೆ. ನಾನು ಎಂಟನೇ ತರಗತಿಗೆ ಪಾಠ ಮಾಡಿದರೆ ಒಂಬತ್ತನೆಯವರೂ ಪಾಸಾಗುತ್ತಾರೆ ಎಂದು ನಮ್ಮ ಹೆಡ್‌ಮಾಸ್ಟರು ಹೇಳುವುದುಂಟು. ಮನೆಯಲ್ಲಿ ನಾನು ಒಂದು ಲೋಟ ನೀರು ಕೇಳಿದರೂ ನಮ್ಮ ಯಜಮಾನರು ಏನೋ ತಪ್ಪು ಮಾಡಿದವರ ಹಾಗೆ ಎದ್ದು ನಿಲ್ಲುತ್ತಾರೆ. ಅವರು ಮುಳಬಾಗಿಲಿನ ಕಡೆಯವರು, ರೇಷ್ಮೆ ಇಲಾಖೆಯಲ್ಲಿ ಕೆಲಸ. ಹುಳು ಸೊಪ್ಪು ಮೇಯುವ ಸದ್ದನ್ನು ಕೇಳಿಕೊಂಡು ಬೆಳೆದ ಮನುಷ್ಯ. ಮಾತು ಕಡಿಮೆ, ಆಡಿದರೂ ಮೆತ್ತಗೆ. ಗಾಬರಿಯಾದರೆ ಮಾತ್ರ ಕನ್ನಡ ಮರೆತು ತೆಲುಗಿಗೆ ಇಳಿಯುತ್ತಾರೆ. ನಮ್ಮ ಮದುವೆಯಾದ ಹೊಸದರಲ್ಲಿ ಅವರು ತುಂಬ ತೆಲುಗು ಮಾತಾಡುತ್ತಿದ್ದರು.

ಇಂಥ ದನಿಯಿಂದ ನನಗೆ ಒಂದೇ ಒಂದು ಲಾಭವಾಗಿದೆ. ಸುತ್ತಮುತ್ತ ಯಾವ ಸಮಾರಂಭವಾದರೂ ನಿರೂಪಣೆಗೆ ನನ್ನನ್ನೇ ಕರೆಯುತ್ತಾರೆ. ಮೈಕು ಕೈಕೊಟ್ಟರೂ ಕಾರ್ಯಕ್ರಮ ನಿಲ್ಲುವುದಿಲ್ಲ ಎಂಬ ಧೈರ್ಯ ಅವರಿಗೆ. ಅಂಥದೇ ಒಂದು ಸಮಾರಂಭದಲ್ಲಿ, ಸನ್ಮಾನಿತರ ಪಟ್ಟಿ ಓದಿ ಮುಗಿಸಿ ವೇದಿಕೆ ಇಳಿಯುತ್ತಿದ್ದಾಗ, ಪ್ರಣತಿ ಎಂಬ ಹುಡುಗಿ ಬಂದು ನನ್ನ ಕೈಗೆ ಒಂದು ಕಾರ್ಡು ಕೊಟ್ಟಳು. ಬೆಂಗಳೂರಿನವಳು. ಮೊಬೈಲು, ವಾಚು, ಕಿವಿಗೆ ಸಿಕ್ಕಿಸಿಕೊಳ್ಳುವ ಪದಾರ್ಥಗಳು ಇವನ್ನೆಲ್ಲ ಮಾಡುವ ಒಂದು ವಿದೇಶಿ ಕಂಪನಿಯ ಪರವಾಗಿ ಬಂದಿದ್ದಳು. ಆ ಕಂಪನಿ ತನ್ನ ದೇಶದಲ್ಲಿ ಅಂಗಡಿಗಳನ್ನು ತೆರೆದು ಮುಗಿಸಿ, ಈಗ ಹೊರದೇಶಗಳಲ್ಲಿ ಒಂದಾದಮೇಲೊಂದು ತೆರೆಯುತ್ತಿದೆಯಂತೆ. ನಮ್ಮಲ್ಲಿ ದೊಡ್ಡ ನಗರಗಳದ್ದು ಆಯಿತಂತೆ, ಇನ್ನು ಹೆದ್ದಾರಿ ಪಕ್ಕದ ಊರುಗಳ ಸರದಿಯಂತೆ. ಕೋಲಾರದಲ್ಲಿ ಹಳೇ ಟಾಕೀಸನ್ನು ಕೆಡವಿ ಗಾಜಿನ ಕಟ್ಟಡ ಏಳುತ್ತಿದ್ದುದನ್ನು ನಾವೆಲ್ಲ ನೋಡಿದ್ದೆವು. ಅದು ಆಸ್ಪತ್ರೆ ಎಂದು ನಾನೂ, ಮದುವೆ ಛತ್ರ ಎಂದು ಯಜಮಾನರೂ ವಾದ ಮಾಡಿದ್ದೆವು. ಅದು ಅಂಗಡಿ ಎಂದು ಪ್ರಣತಿ ಹೇಳಿದ ಮೇಲೆಯೇ ತಿಳಿದದ್ದು. “ಕೋಲಾರ ನಮ್ಗೆ ಇಂಪಾರ್ಟೆಂಟ್ ಇಂಟರ್‌ನ್ಯಾಷನಲ್ ಮಾರ್ಕೆಟ್ ಮೇಡಂ” ಎಂದಳು. ಐವತ್ತೆರಡು ವರ್ಷಗಳಿಂದ ನಾನು ವಿದೇಶದಲ್ಲೇ ವಾಸವಾಗಿದ್ದೇನೆ ಎಂದು ಆವತ್ತೇ ನನಗೆ ಗೊತ್ತಾದದ್ದು.

ಅವರ ಅಂಗಡಿಗಳಲ್ಲಿ ಒಂದು ದನಿ ಇರುತ್ತದಂತೆ. ಬಾಗಿಲು ತೆಗೆದವರನ್ನು ಸ್ವಾಗತಿಸುವುದು, ಕೇಳಿದ್ದಕ್ಕೆ ಉತ್ತರ ಹೇಳುವುದು, ಯಾವ ಫೋನಿಗೆ ಏನು ಕಾಯಿಲೆ ಎಂದು ವಿಚಾರಿಸುವುದು ಎಲ್ಲ ಆ ದನಿಯೇ. ಪುಸ್ತಕದ ಕನ್ನಡ ಬೇಡ, ಈ ಕಡೆಯ ಜನಕ್ಕೆ ಮನೆಯವರು ಮಾತಾಡಿದ ಹಾಗಿರಬೇಕು, ಅದಕ್ಕೆ ನೀವೇ ಸರಿ ಎಂದಳು. ನಾನು ಉಬ್ಬಿಹೋದೆ. ಹಲವಾರು ಪುಟಗಳ ಒಂದು ಕಾಗದ ಮುಂದಿಟ್ಟಾಗ ಒಂದಕ್ಷರ ಓದದೆ ಸಹಿ ಹಾಕಿದೆ. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆಯಬೇಡಿ ಎಂದು ವರ್ಷವಿಡೀ ಮಕ್ಕಳಿಗೆ ಬಡಿದುಕೊಳ್ಳುವವಳು ನಾನು.

ನಾಲ್ಕು ಭಾನುವಾರ ಬೆಂಗಳೂರಿಗೆ ಹೋಗಿ ಬಂದೆ. ಅಲ್ಲಿ ಒಂದು ಸಣ್ಣ ಕೋಣೆ, ಗೋಡೆಗೆಲ್ಲ ಸ್ಪಂಜು. ಬಾಗಿಲು ಹಾಕಿದರೆ ಹೊರಗಿನ ಒಂದು ಸದ್ದೂ ಇಲ್ಲ. ಅಂಥ ನಿಶ್ಶಬ್ದವನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ನನ್ನದೇ ನೆತ್ತರು ಕಿವಿಯಲ್ಲಿ ಹರಿಯುವುದು ಕೇಳಿಸುತ್ತಿತ್ತು. ಗಾಜಿನ ಆಚೆ ಪ್ರಣತಿ. ನಾನು ಶುರು ಮಾಡಿದೆ: “ಬನ್ನಿ, ಸ್ವಾಗತ. ನಿಮ್ಮ ಫೋನಿಗೆ ಏನಾಗಿದೆ?” ಅವಳು ತಲೆಯಾಡಿಸಿದಳು. ಇನ್ನೊಮ್ಮೆ ಹೇಳಿದೆ, ಮತ್ತೊಮ್ಮೆ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಅವಳ ಸಹನೆಯೂ ಮುಗಿದಿತ್ತು. “ಮೇಡಂ, ಕಸ್ಟಮರ್ ತಪ್ಪೇನೂ ಮಾಡಿಲ್ಲ. ಗದರಬೇಡಿ” ಎಂದಳು. ನಗುತ್ತಾ ಹೇಳಿ ಎಂದಳು. ನಕ್ಕೆ. ಅದು ಇನ್ನೂ ಭಯಂಕರವಾಗಿತ್ತು ಎಂದು ಅವಳ ಮುಖದಲ್ಲೇ ಕಾಣಿಸಿತು. ನನ್ನನ್ನು ಕೈಬಿಟ್ಟು ಬೇರೆ ಯಾರನ್ನಾದರೂ ಹುಡುಕುತ್ತಾರೆ, ಶಾಲೆಯಲ್ಲಿ ಆಗಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಏನು ಮಾಡುವುದು ಎಂದು ಕಣ್ಣು ಮುಚ್ಚಿ ಕೂತೆ. ಆಗ ನೆನಪಾದವಳು ವಿಶಾಲಕ್ಕ.

ವಿಶಾಲಾಕ್ಷಿ ನನ್ನ ಅಕ್ಕ, ಆರು ವರ್ಷದ ಹಿಂದೆ ತೀರಿಕೊಂಡಳು. ಕ್ಯಾಲನೂರಿಗೆ ಕೊಟ್ಟಿತ್ತು. ರಾಗಿ ಹೊಲ, ನಾಲ್ಕು ಹಸು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು. ತಿರುಪತಿಯಿಂದಾಚೆಗೆ ಅವಳು ಹೋದವಳಲ್ಲ. ಹಸು ಒದ್ದರೂ ಅದರ ಮುಖ ನೋಡಿ “ಯಾಕಮ್ಮಾ?” ಎಂದು ಕೇಳುವವಳು. ಮಾತಿಗೆ ಮುಂಚೆ ಒಂದು ಸಣ್ಣ ಉಸಿರು ತೆಗೆದುಕೊಳ್ಳುತ್ತಿದ್ದಳು. ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದನ್ನು ಎಲ್ಲೋ ಒಂದು ಕಡೆ ಇಟ್ಟು ಬಂದವಳ ಹಾಗೆ. ನಾನು ಆ ಉಸಿರು ತೆಗೆದುಕೊಂಡೆ. ಅಕ್ಕ ಹೇಳಿದರೆ ಹೇಗೆ ಹೇಳುತ್ತಿದ್ದಳೋ ಹಾಗೆ ಹೇಳಿದೆ. ಗಾಜಿನ ಆಚೆ ಏನೋ ಬರೆಯುತ್ತಿದ್ದ ಪ್ರಣತಿಯ ಕೈ ನಿಂತಿತು. ತಲೆಯೆತ್ತಿ ಮೊದಲು ನನ್ನನ್ನು ನೋಡಿದಳು, ಆಮೇಲೆ ನನ್ನ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದಳು. “ಇದೇ ಮೇಡಂ, ಇದೇ ಬೇಕಾಗಿದ್ದದ್ದು” ಎಂದಳು.

ಅಲ್ಲಿಂದ ಮುಂದಿನ ಭಾನುವಾರಗಳೆಲ್ಲ ನಾನು ಅಕ್ಕನಾಗಿಯೇ ಕೂತಿದ್ದೆ. ಅಂಕಿಗಳನ್ನು ಹೇಳಿದೆ, ತಿಂಗಳುಗಳನ್ನು ಹೇಳಿದೆ, ತಲೆಬುಡವಿಲ್ಲದ ಸಾವಿರಾರು ವಾಕ್ಯ ಓದಿದೆ. ಕೊನೆಯ ದಿನ ಕೋಲಾರದ ಬಸ್ಸು ಹತ್ತಿದಾಗ ಕಿಟಕಿಯ ಪಕ್ಕದ ಸೀಟು ಖಾಲಿಯಿದ್ದರೂ ನಾನು ಅದರ ಪಕ್ಕದಲ್ಲೇ ಕೂತೆ. ಕಂಡಕ್ಟರು ಒಳಗೆ ಸರಿದು ಕೂತ್ಕೊಳ್ಳಿ ಎಂದಾಗಲೇ ನನಗೆ ಅದು ಗೊತ್ತಾದದ್ದು. ಮನೆಗೆ ಬಂದು, ಯಜಮಾನರಿಗೆ ಒಂದು ಸಲ ತೋರಿಸೋಣ ಎಂದು ಆ ದನಿ ಮಾಡಲು ಹೋದೆ. ಬರಲಿಲ್ಲ. ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಪ್ರಯತ್ನಿಸಿದೆ. ಉಸಿರು ಬಂತು, ಅದರ ಹಿಂದೆ ಬಂದದ್ದು ಎಂಟನೇ ತರಗತಿಯ ಟೀಚರೇ. ಇದ್ದದ್ದನ್ನು ಪೂರ್ತಿ ಅಲ್ಲಿ ಸುರಿದು ಬಂದಿದ್ದೆ.

ಅಂಗಡಿ ತೆರೆದ ದಿನ ಯಜಮಾನರನ್ನು ಕರೆದುಕೊಂಡು ಹೋದೆ. ಅಂತರಗಂಗೆ ಬೆಟ್ಟದ ಬಂಡೆಗಳೆಲ್ಲ ಆ ಗಾಜಿನ ಗೋಡೆಯಲ್ಲಿ ಎಡಬಲ ತಿರುಗಿ ಕಾಣುತ್ತಿದ್ದವು. ಒಳಗೆ ಬೆಳ್ಳಗಿನ ಬೆಳಕು, ಯಾವ ವಾಸನೆಯೂ ಇಲ್ಲ, ಯಾವುದಕ್ಕೂ ನೆರಳಿಲ್ಲ. ಟೇಬಲ್ಲುಗಳ ಮೇಲೆ ಫೋನುಗಳನ್ನು ದೂರದೂರ ಮಲಗಿಸಿದ್ದರು. ಬಾಗಿಲು ತಾನಾಗಿ ಸರಿಯಿತು. ಆಮೇಲೆ ಒಂದು ಸಣ್ಣ ಉಸಿರು ಕೇಳಿಸಿತು. “ಬನ್ನಿ, ಒಳಗೆ ಬನ್ನಿ. ಬಿಸಿಲಲ್ಲಿ ಬಂದಿದ್ದೀರ, ಮೊದಲು ಕೂತ್ಕೊಳ್ಳಿ.” ಎಡಗಡೆಯಿಂದಲೂ ಬಂತು, ಬಲಗಡೆಯಿಂದಲೂ ಬಂತು, ನನ್ನ ಬೆನ್ನ ಹಿಂದಿನಿಂದಲೂ ಬಂತು. ನಾನೇ ಹೇಳಿದ್ದ ಮಾತು. ಆದರೂ ನನ್ನ ಮೈಯ ಕೂದಲೆಲ್ಲ ಎದ್ದು ನಿಂತವು. ಯಜಮಾನರು ನನ್ನ ಮುಂಗೈ ಹಿಡಿದುಕೊಂಡರು. “ಇದಿ ಅಕ್ಕ ಗೊಂತು ಕದಾ” ಎಂದರು. ಇದು ಅಕ್ಕನ ದನಿ ಅಲ್ಲವೇ ಎಂದು. ಅವರ ಕೈ ತಣ್ಣಗಿತ್ತು. ಏಸಿಗೆ ಎಂದು ಇಬ್ಬರೂ ಅಂದುಕೊಂಡೆವು.

ನಮ್ಮ ಮನೆಯಲ್ಲಿ ನಮ್ಮಿಬ್ಬರ ಜೊತೆ ಅಮ್ಮ ಇದ್ದಾಳೆ, ಎಪ್ಪತ್ತೆಂಟು ವರ್ಷ. ಈ ವಿಷಯ ಅವಳಿಗೆ ಗೊತ್ತಾಗಬಾರದು ಎಂದು ಯಜಮಾನರಿಂದ ಆಣೆ ಹಾಕಿಸಿಕೊಂಡೆ. ಅಕ್ಕ ಹೋದ ಮೇಲೆ ಅಮ್ಮ ಒಂದು ಸಲವೂ ಅವಳ ಹೆಸರೆತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ. ಕ್ಯಾಲನೂರಿನ ಭಾವನಿಗೂ ನಾನು ಹೇಳಲಿಲ್ಲ.

ಮೊದಲ ಒಂದೆರಡು ತಿಂಗಳು ಎಲ್ಲ ತಮಾಷೆಯಾಗಿಯೇ ಇತ್ತು. ಊರಿನಲ್ಲಿ ನನ್ನ ಹೆಸರು ಹೇಗೋ ಹಬ್ಬಿತು. ಬಸ್ಸಿನಲ್ಲಿ ಪಕ್ಕದವರು ಫೋನು ತೆಗೆದು “ಮೇಡಂ, ಚಾರ್ಜೇ ನಿಲ್ತಿಲ್ಲ, ಏನ್ ಮಾಡೋಣ ಹೇಳಿ” ಎನ್ನತೊಡಗಿದರು. ನನಗೆ ಗೊತ್ತಿಲ್ಲವೆಂದರೆ ಅಂಗಡಿಯಲ್ಲಾದರೆ ಹೇಳ್ತೀರಲ್ಲ ಎಂದು ಮುನಿಸಿಕೊಂಡರು. ನಮ್ಮ ಶಾಲೆಯ ನಾಲ್ಕು ಮಕ್ಕಳು ಕೋಲಾರಕ್ಕೆ ಹೋಗಿ ಆ ದನಿಯ ಹತ್ತಿರ ಸಂಧಿಗಳ ಬಗ್ಗೆ ಕೇಳಿ, ನನಗಿಂತ ಚೆನ್ನಾಗಿ ಹೇಳಿಕೊಟ್ಟಿತು ಎಂದು ತರಗತಿಯಲ್ಲಿ ಎದ್ದು ನಿಂತು ವರದಿ ಮಾಡಿದರು. ಎಲ್ಲಕ್ಕಿಂತ ಹೆಚ್ಚು ಉರಿದದ್ದು ಯಜಮಾನರ ವಿಷಯದಲ್ಲಿ. ಮೊದಲ ದಿನ ಹೆದರಿದ ಮನುಷ್ಯ ಆಮೇಲೆ ಆಫೀಸು ಬಿಟ್ಟು ಸೀದಾ ಅಂಗಡಿಗೆ ಹೋಗತೊಡಗಿದರು. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡುವುದು ಹೇಗೆ ಎಂಬ ಒಂದೇ ವಿಷಯವನ್ನು ವಾರವಿಡೀ ಕೇಳಿ ಬಂದರು. ಮನೆಯಲ್ಲಿ ನಾನೇ ಹೇಳಿಕೊಡುತ್ತಿರಲಿಲ್ಲವೇ ಎಂದು ಕೇಳಿದ್ದಕ್ಕೆ, ಅಲ್ಲಿ ಹತ್ತು ಸಲ ಕೇಳಿದರೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದರು. ಮೆತ್ತಗೇ ಅಂದರು. ಆ ಸಂಜೆ ನಾನು ಪಾತ್ರೆ ತೊಳೆದ ಸದ್ದಿಗೆ ಪಕ್ಕದ ಮನೆಯ ಸರಸಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು.

ಆ ಅಂಗಡಿಯಲ್ಲಿ ಶೋಭಾ ಎಂಬ ಹುಡುಗಿ ಕೆಲಸಕ್ಕಿದ್ದಳು. ಟೇಕಲ್‌ನವಳು, ದಿನಾ ಊರಿನಿಂದಲೇ ಓಡಾಡುತ್ತಿದ್ದಳು. ಬೆಳಿಗ್ಗೆ ಶಟರು ಎತ್ತುವುದೂ ದೀಪ ಹಾಕುವುದೂ ಅವಳೇ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ಅವಳು ನನ್ನನ್ನು ಪಕ್ಕಕ್ಕೆ ಕರೆದು, ಒಂದು ವಿಷಯ ಕೇಳಬೇಕು, ತಪ್ಪು ತಿಳಿಯಬಾರದು ಎಂದಳು. ಬೆಳಿಗ್ಗೆ ತಾನು ಬಾಗಿಲು ತೆಗೆದಾಗ ಆ ದನಿ “ಬನ್ನಿ, ಸ್ವಾಗತ” ಎನ್ನುವುದನ್ನು ಬಿಟ್ಟಿದೆ, ಒಂದು ವಾರದಿಂದ ಬೇರೆ ಏನೋ ಕೇಳುತ್ತಿದೆ ಎಂದಳು. ಏನು ಕೇಳುತ್ತೆ ಎಂದೆ.

“‘ಬಸ್ ಸಿಗ್ತಾ?’ ಅಂತ ಕೇಳ್ತಾರೆ ಮೇಡಂ.”

ನಾನು ಬ್ಯಾಗನ್ನು ಎದೆಗವಚಿಕೊಂಡು ನಿಂತೆ. ಅದು ಅಕ್ಕ ಕೇಳುತ್ತಿದ್ದ ಮಾತು. ಕ್ಯಾಲನೂರಿನ ಅವಳ ಮನೆಯ ಹೊಸಿಲಿಗೆ ನಾನು ಕಾಲಿಡುತ್ತಿದ್ದ ಹಾಗೆಯೇ, ಚೆನ್ನಾಗಿದ್ದೀಯಾ ಎನ್ನದೆ, ಬಾ ಎನ್ನದೆ, ಕೊಟ್ಟಿಗೆಯ ಕಡೆಯಿಂದ ಸೆರಗಿಗೆ ಕೈ ಒರೆಸಿಕೊಂಡು ಬಂದು ಅವಳು ಮೊದಲು ಕೇಳುತ್ತಿದ್ದದ್ದೇ ಅದು. ಆ ಮಾತನ್ನು ನಾನು ಬೆಂಗಳೂರಿನ ಕೋಣೆಯಲ್ಲಿ ಓದಿರಲಿಲ್ಲ. ಅವರು ಕೊಟ್ಟ ಹಾಳೆಗಳಲ್ಲಿ ಬಸ್ಸು ಎಂಬ ಪದವೇ ಇರಲಿಲ್ಲ. ನೀನು ಏನು ಮಾಡಿದೆ ಎಂದು ಶೋಭಾಳನ್ನು ಕೇಳಿದೆ. ಮೊದಲೆರಡು ದಿನ ಹೆದರಿಕೆಯಾಯಿತು, ಈಗ “ಸಿಗ್ತಕ್ಕಾ” ಎಂದು ಉತ್ತರ ಕೊಡುತ್ತೇನೆ ಎಂದಳು.

ಮರುದಿನ ರಜೆ ಹಾಕಿ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಂಗಡಿಗೆ ಹೋದೆ. ಒಳಗೆ ಗಿರಾಕಿಗಳು ಯಾರೂ ಇರಲಿಲ್ಲ, ಶೋಭಾ ಒಳಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಬಾಗಿಲು ಸರಿಯಿತು. ಆ ಸಣ್ಣ ಉಸಿರು ಬಂತು. ಆಮೇಲೆ ಬಹಳ ಹತ್ತಿರದಿಂದ, “ಬಸ್ ಸಿಗ್ತಾ?”

ಉತ್ತರ ಹೇಳಲು ಬಾಯಿ ತೆರೆದೆ. ಸಾವಿರ ಜನರ ಮುಂದೆ ಮೈಕಿಲ್ಲದೆ ಮಾತಾಡಿದವಳ ಬಾಯಿಂದ ಗಾಳಿ ಕೂಡ ಹೊರಡಲಿಲ್ಲ. ಆ ದನಿ ಕಾಯಿತು. ನಿಜವಾಗಿಯೂ ಕಾಯುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. “ಕೇಳಿಸ್ತಿದ್ಯಾ?” ಎಂದಿತು. ನಾನು ತಿರುಗಿ ಹೊರಗೆ ಬಂದುಬಿಟ್ಟೆ. ಬೀದಿಯ ಧೂಳು, ಆಟೋ ಸದ್ದು, ಹೂವಿನವಳ ಕೂಗು ಎಲ್ಲ ಮುಖಕ್ಕೆ ಬಡಿದಾಗಲೇ ಉಸಿರಾಡಿದ್ದು. ಪ್ರಣತಿಗೆ ಫೋನು ಮಾಡಿದೆ. ಓದಿದ ವಾಕ್ಯಗಳನ್ನೇ ಅದು ಹೇಳುವುದಿಲ್ಲ, ಜನ ಏನು ಮಾತಾಡುತ್ತಾರೋ ಅದರಿಂದ ಹೊಸ ಮಾತು ತಾನೇ ಕಟ್ಟಿಕೊಳ್ಳುತ್ತದೆ, ನಿಮ್ಮ ಕಡೆ ಎಲ್ಲರೂ ಬಸ್ಸಿನ ವಿಚಾರವೇ ಮಾತಾಡುತ್ತಾರೇನೋ ಎಂದಳು. ಇರಬಹುದು. ಶ್ರೀನಿವಾಸಪುರದ ಬಸ್ಸು ತಪ್ಪಿಹೋದ ಕಥೆ ಹೇಳದೆ ನಮ್ಮವರು ಮಾತು ಶುರು ಮಾಡುವುದಿಲ್ಲ ಎಂಬುದೂ ನಿಜ. ಆ ದನಿಯನ್ನು ತೆಗೆದುಬಿಡಿ ಎಂದೆ. ನೀವು ಸಹಿ ಹಾಕಿದ ಕಾಗದದ ಪ್ರಕಾರ ಅದು ಈಗ ಕಂಪನಿಯದು ಮೇಡಂ ಎಂದಳು. ಬಹಳ ವಿನಯವಾಗಿ ಹೇಳಿದಳು. ಅಲ್ಲಿಂದಾಚೆಗೆ ನಾನು ಬಸ್ ಸ್ಟ್ಯಾಂಡಿನಿಂದ ಮನೆಗೆ ಬರಲು ಸುತ್ತಿನ ದಾರಿ ಹಿಡಿದೆ. ಕಾಲು ನೋವಿಗೆ ನಡಿಗೆ ಒಳ್ಳೆಯದು ಎಂದು ಎಲ್ಲರಿಗೂ ಹೇಳಿದೆ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದರೆ ಮನೆಗೆ ಬೀಗ. ಅಮ್ಮ ಎಲ್ಲಿ ಎಂದು ಸರಸಮ್ಮನನ್ನು ಕೇಳಿದೆ. ಅವರು ಬಟ್ಟೆ ಒಣಗಿಸುತ್ತಲೇ ಹೇಳಿದರು: “ಅಜ್ಜಿ ಫೋನಂಗಡಿಗೆ ಹೋಗವ್ರಲ್ಲ. ಒಂದ್ಸಲ ನಂಜೊತೆ ವೈರ್ ತಗೊಳ್ಳೋಕೆ ಬಂದಿದ್ರು. ಅವತ್ತಿಂದ ದಿನಾ ಆಟೋ ಹತ್ಕೊಂಡು ಒಬ್ರೇ ಹೋಗ್ತಾರೆ, ನೀವು ಬರೋ ಅಷ್ಟೊತ್ತಿಗೆ ಬಂದ್ಬಿಡ್ತಾರೆ. ನಿಮ್ಗೆ ಗೊತ್ತಿಲ್ವಾ?”

ಹೇಗೆ ಹೋದೆನೋ ಗೊತ್ತಿಲ್ಲ. ಅಂಗಡಿಯ ಬಾಗಿಲಲ್ಲೇ ಶೋಭಾ ಸಿಕ್ಕಿ, ತುಟಿಯ ಮೇಲೆ ಬೆರಳಿಟ್ಟು, ಒಳಗೆ ಕರೆದುಕೊಂಡು ಹೋಗಿ ಒಂದು ಕಂಬದ ಹಿಂದೆ ನಿಲ್ಲಿಸಿದಳು. ಮೂಲೆಯ ಟೇಬಲ್ಲಿನ ಮುಂದೆ, ಬೆನ್ನಿಗೆ ಆನಿಕೆಯಿಲ್ಲದ ಗುಂಡು ಸ್ಟೂಲಿನ ಮೇಲೆ, ಚಪ್ಪಲಿ ಕಳಚಿಟ್ಟು ಅಮ್ಮ ಕೂತಿದ್ದಳು. ಮುಂದಿನ ಪರದೆಯಲ್ಲಿ ಒಂದು ಬಿಳೀ ಉಂಗುರ ಮೆಲ್ಲಗೆ ತಿರುಗುತ್ತಿತ್ತು. ಅಮ್ಮ ಅದಕ್ಕೆ ಬೆಳಗಿನಿಂದ ನಡೆದದ್ದೆಲ್ಲ ಹೇಳುತ್ತಿದ್ದಳು. ಮುದ್ದೆ ಗಂಟಾಯಿತು ಎಂದಳು. ಮಂಡಿ ನೋವು ಎಂದಳು. ಅಳಿಯಂದಿರು ಗೊರಕೆ ಹೊಡೆಯುತ್ತಾರೆ ಎಂದಳು. “ಹೌದಾ? ಆಮೇಲೆ?” ಎನ್ನುತ್ತಿತ್ತು ಅಕ್ಕನ ದನಿ. ಆರು ವರ್ಷಗಳಲ್ಲಿ ಅಮ್ಮ ನನ್ನ ಹತ್ತಿರ ಅಷ್ಟು ಮಾತಾಡಿದ್ದನ್ನು ನಾನು ಕಾಣೆ. ಆಮೇಲೆ ಅವಳು ಸೆರಗಿನ ತುದಿ ಸರಿಮಾಡಿಕೊಂಡು, ಕೇಳಿದಳು.

“ನನ್ನ ಯಾಕೆ ಕರ್ಕೊಂಡು ಹೋಗ್ಲಿಲ್ಲ ನೀನು?”

ಕಂಬ ಹಿಡಿದುಕೊಂಡೆ. ಸತ್ತ ಮಗಳನ್ನು, ನಿನ್ನ ಜೊತೆ ನನ್ನನ್ನೂ ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ಕೇಳುತ್ತಿದ್ದಾಳೆ ಎಂದುಕೊಂಡೆ. ಪರದೆಯ ಉಂಗುರ ಎರಡು ಸುತ್ತು ತಿರುಗಿತು. ಗಿರಾಕಿಯ ಮಾತು ತಿಳಿಯದಿದ್ದರೆ ಹೇಳಬೇಕಾದ ವಾಕ್ಯವೊಂದನ್ನು ನಾನು ಆ ಕೋಣೆಯಲ್ಲಿ ಓದಿಕೊಟ್ಟಿದ್ದೆ. ಯಂತ್ರ ಅದನ್ನೇ ಹೇಳಿತು. “ತಪ್ಪಾಯ್ತು, ನಂಗೆ ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?” ಅಮ್ಮ ಇನ್ನೊಂದು ಸಲ ಕೇಳಿದಳು. “ತಪ್ಪಾಯ್ತು, ನಂಗೆ ಗೊತ್ತಾಗ್ಲಿಲ್ಲ” ಎಂದಿತು ಅದು, ಅಷ್ಟೇ ಅಕ್ಕರೆಯಿಂದ. ಮೂರನೆಯ ಸಲವೂ ಹಾಗೇ ಆಯಿತು. ಅಮ್ಮ ತಲೆದೂಗಿ, ಚಪ್ಪಲಿ ಮೆಟ್ಟಿಕೊಂಡು ಎದ್ದಳು. ನಾನು ಕಂಬದ ಹಿಂದಿನಿಂದ ಹೊರಗೆ ಬರಲಿಲ್ಲ. ಬಂದು ಏನು ಹೇಳಬೇಕಿತ್ತು? ಅಮ್ಮನಿಗೆ ಮುಂಚೆ ಮನೆ ಸೇರಿ, ಏನೂ ಗೊತ್ತಿಲ್ಲದವಳ ಹಾಗೆ ಸೊಪ್ಪು ಬಿಡಿಸುತ್ತಾ ಕೂತೆ. ಆಮೇಲೆಯೂ ಕೇಳಲಿಲ್ಲ. ದಿನಾ ಶ್ರೀನಿವಾಸಪುರದಲ್ಲಿ ಪಾಠ ಮಾಡುತ್ತಾ, ಈಗ ಅಮ್ಮ ಆಟೋ ಹತ್ತಿರಬಹುದು, ಈಗ ಸ್ಟೂಲಿನ ಮೇಲೆ ಕೂತಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಮಕ್ಕಳು ಗದ್ದಲ ಮಾಡಿದರೂ ಗದರುವುದು ಮರೆತುಹೋಗುತ್ತಿತ್ತು.

ಹೀಗೇ ಇರುವಾಗ ಒಂದು ದಿನ ಅಂಗಡಿಯ ದನಿ ಬದಲಾಯಿತು. ಯಾವ ದೇಶದಲ್ಲೋ ಕೂತ ಯಾರೋ ತೀರ್ಮಾನ ಮಾಡಿದರಂತೆ. ಈಗ ಬಂದದ್ದು ಬಹಳ ಚುರುಕಾದ, ಪಟಪಟ ಮಾತಾಡುವ ಒಂದು ಎಳೆಯ ದನಿ. ಆವತ್ತು ಅಮ್ಮ ಹೋದಷ್ಟೇ ಬೇಗ ವಾಪಸು ಬಂದಳಂತೆ. ಸಂಜೆ ನಾನು ಬಂದಾಗ ಜಗಲಿಯ ಮೇಲೆ ಕೂತಿದ್ದಳು. ಊಟ ಬೇಡ ಎಂದಳು. ಮರುದಿನ ಎಲ್ಲಿಗೂ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಅಕ್ಕನನ್ನು ಇನ್ನೊಂದು ಸಲ ಕಳೆದುಕೊಂಡ ಹಾಗಾಯಿತು, ಈ ಸಲ ಕೊಟ್ಟು ಕಳಿಸಿದವಳು ನಾನು ಎಂದು ನನಗೆ ಒಳಗೊಳಗೇ ಕೊರೆಯುತ್ತಿತ್ತು. ದನಿ ತೆಗೆಯಿರಿ ಎಂದು ಕೇಳಿಕೊಂಡಿದ್ದವಳೂ ನಾನೇ.

ಮುಂದಿನ ಭಾನುವಾರ ಶೋಭಾ ನಮ್ಮ ಮನೆ ಹುಡುಕಿಕೊಂಡು ಬಂದಳು. ಅಜ್ಜಿ ಕಾಣಿಸಲಿಲ್ಲ, ಹುಷಾರಿಲ್ಲವೇನೋ ಎಂದು ನೋಡಲು ಬಂದೆ ಎಂದಳು. ಕಾಫಿ ಕುಡಿದ ಮೇಲೆ, ಕಂಪನಿಯವರು ತಮಗೆಲ್ಲ ಕಳಿಸಿದ ಒಂದು ವಿಡಿಯೋ ಇದೆ ಎಂದು ಫೋನು ತೆಗೆದಳು. ಹೊಸ ದೇಶವೊಂದರಲ್ಲಿ ಅವರ ಅಂಗಡಿ ತೆರೆದದ್ದು. ಹೊರಗೆ ಹಿಮ ಬೀಳುತ್ತಿದೆ. ದಪ್ಪ ಕೋಟು ಹಾಕಿಕೊಂಡ ಬೆಳ್ಳನೆಯ ಜನ ಸಾಲಾಗಿ ನಿಂತಿದ್ದಾರೆ. ಅದೇ ಗಾಜು, ಅದೇ ನೆರಳಿಲ್ಲದ ಬೆಳಕು, ಅವೇ ಟೇಬಲ್ಲುಗಳು. ಬಾಗಿಲು ಸರಿಯಿತು. ಒಂದು ಸಣ್ಣ ಉಸಿರು. ಆಮೇಲೆ ನಮ್ಮ ಅಕ್ಕ, ತಿರುಪತಿಯಿಂದಾಚೆ ಹೋಗದ ನಮ್ಮ ವಿಶಾಲಕ್ಕ, ನಾನು ಹುಟ್ಟಿದ ಮೇಲೆ ಕೇಳದ ಯಾವುದೋ ಭಾಷೆಯಲ್ಲಿ ಅವರನ್ನು ಏನೋ ಕೇಳಿದಳು. ಮುದುಕನೊಬ್ಬ ಟೋಪಿಯ ಮೇಲಿನ ಹಿಮ ಕೊಡವಿಕೊಂಡು, ಹೌದೆನ್ನುವ ಹಾಗೆ ತಲೆಯಾಡಿಸಿ ಉತ್ತರ ಕೊಟ್ಟ. ಏನು ಕೇಳಿರಬಹುದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಶೋಭಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕ್ಯಾಲನೂರಿನ ಹೊಸಿಲಲ್ಲಿ ನಿಂತು ಮಾತಾಡುತ್ತಿದ್ದವಳನ್ನು ಕರೆದುಕೊಂಡು ಹೋಗಿ ಆ ಹಿಮದಲ್ಲಿ ಒಬ್ಬಳನ್ನೇ ನಿಲ್ಲಿಸಿದ್ದಾರೆ, ಎಲ್ಲ ದೇಶಗಳಿಗೂ ಆಗಲಿ ಎಂದು ನಾನೇ ಸಹಿ ಮಾಡಿಕೊಟ್ಟಿದ್ದೇನೆ ಎಂದು ಬೆನ್ನಲ್ಲಿ ಚಳಿ ಹತ್ತಿತು.

ಅಮ್ಮ ಫೋನನ್ನು ಕೈಗೆ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು, ಎರಡು ಸಲ ಕೇಳಿದಳು. ಆಮೇಲೆ ಅದನ್ನು ಶೋಭಾಳಿಗೆ ವಾಪಸು ಕೊಟ್ಟು ನನ್ನ ಕಡೆ ತಿರುಗಿದಳು.

“ಅಷ್ಟು ದೂರ ಯಾಕೆ ಕೊಟ್ಟೆ? ಇಲ್ಲಾದ್ರೆ ಆಟೋದಲ್ಲಿ ಹೋಗಿ ನಿನ್ನ ಹತ್ರ ಮಾತಾಡಿ ಬರ್ತಿದ್ದೆ.”

ನನಗೆ ಅರ್ಥವಾಗಲಿಲ್ಲ. “ನನ್ನ ಹತ್ರಾನಾ? ಅದು ಅಕ್ಕನ ದನಿ ಅಲ್ವೇನಮ್ಮಾ?”

ಶೋಭಾ ತಲೆ ತಗ್ಗಿಸಿ, ಮೊದಲ ದಿನವೇ ತಾನು ಅಜ್ಜಿಗೆ ಇದು ನಿಮ್ಮ ಮಗಳು ಕೊಟ್ಟ ದನಿ, ಮಾತಾಡುವುದು ಯಂತ್ರ ಎಂದು ಹೇಳಿದ್ದೆ ಎಂದಳು. ಅಮ್ಮ ನಕ್ಕಳು. “ಮಿಷಿನ್ನು ಅಂತ ನಂಗೊತ್ತಿಲ್ವೇನೇ? ದನಿ ನಿಂದಲ್ವಾ. ಅಕ್ಕತಂಗೀರು ಇಬ್ರುದೂ ಒಂದೇ ದನಿ ಇತ್ತು. ಸ್ಕೂಲಿಗೆ ಸೇರೋಕ್ ಮುಂಚೆ ನೀನೂ ಹಂಗೇ ಮಾತಾಡ್ತಿದ್ದೆ. ಮನೇಲಿ ನಿನ್ನ ಏನಾದ್ರೂ ಕೇಳಕ್ಕೆ ಭಯ ನಂಗೆ. ಅದಕ್ಕೇ ಅಲ್ಲಿಗೆ ಹೋಗಿ ಕೇಳ್ತಿದ್ದೆ.”

ಏನು ಕೇಳುತ್ತಿದ್ದೆ ಎಂದು ನಾನು ಕೇಳಬೇಕಾಗಿರಲಿಲ್ಲ. ಕಂಬದ ಹಿಂದೆ ನಿಂತು ನಾನು ತಪ್ಪಾಗಿ ತಿಳಿದುಕೊಂಡಿದ್ದೆ. ಆ ಪ್ರಶ್ನೆ ಅಕ್ಕನಿಗಲ್ಲ, ನನಗೆ. ಅಕ್ಕ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಬರೀ ಜ್ವರ, ಇಳಿಯುತ್ತಿದೆ ಎಂದು ನಾನು ಅಮ್ಮನಿಗೆ ಸುಳ್ಳು ಹೇಳಿದ್ದೆ. ಅಂಥ ಸ್ಥಿತಿಯಲ್ಲಿ ಮಗಳನ್ನು ನೋಡಿದರೆ ಅಮ್ಮ ತಡೆದುಕೊಳ್ಳಲಾರಳು ಎಂಬ ತೀರ್ಮಾನ ನನ್ನದೇ. ನನ್ನನ್ನೂ ಕರೆದುಕೊಂಡು ಹೋಗು ಎಂದು ಅಮ್ಮ ದಿನಾ ಸೀರೆ ಉಟ್ಟು ಸಿದ್ಧಳಾಗಿ ಕೂರುತ್ತಿದ್ದಳು. ನಾಳೆ ಎಂದು ನಾನು ದಿನಾ ಗದರಿ ಬಾಗಿಲು ಎಳೆದುಕೊಂಡು ಹೋಗುತ್ತಿದ್ದೆ. ಹನ್ನೆರಡನೆಯ ದಿನ ಕರೆದುಕೊಂಡು ಹೋದದ್ದು ಕ್ಯಾಲನೂರಿಗೆ.

“ಮೂರು ಸಲ ತಪ್ಪಾಯ್ತು ಅಂದ್ಯಲ್ಲ ಅಲ್ಲಿ,” ಎಂದಳು ಅಮ್ಮ, “ಮಿಷಿನ್ನೇ ಅಂದಿದ್ದು ಅಂತ ಗೊತ್ತು. ಆದ್ರೂ ಸಾಕು ಅನ್ನಿಸ್ತು.”

ಸಾಕಾಗಲಿಲ್ಲ ಎಂದು ನನಗೆ ಅನ್ನಿಸಿತು. ಆ ಮಾತನ್ನು ಯಂತ್ರದ ಬಾಯಿಂದಲ್ಲ, ನನ್ನ ಬಾಯಿಂದಲೇ ಹೇಳಬೇಕು. ಮೆತ್ತಗೆ ಹೇಳಬೇಕು, ಅಮ್ಮನ ಪಕ್ಕದಲ್ಲಿ ಕೂತು, ಅವಳೊಬ್ಬಳಿಗೆ ಮಾತ್ರ ಕೇಳಿಸುವ ಹಾಗೆ ಹೇಳಬೇಕು ಎಂದುಕೊಂಡೆ. ಕೂತೆ. ಅವಳ ಕೈ ಹಿಡಿದುಕೊಂಡೆ. ಆ ಸಣ್ಣ ಉಸಿರನ್ನೂ ತೆಗೆದುಕೊಂಡೆ. ತಪ್ಪಾಯ್ತಮ್ಮಾ, ನಿನ್ನನ್ನು ಕರೆದುಕೊಂಡು ಹೋಗಬೇಕಿತ್ತು ಎಂದೆ. ಆರು ವರ್ಷ ತಡೆದಿಟ್ಟ ಮಾತು, ಜೊತೆಗೆ ಇಪ್ಪತ್ತೆಂಟು ವರ್ಷ ಪಳಗಿದ ಗಂಟಲು. ಒಳಕೋಣೆಯಲ್ಲಿ ಮಲಗಿದ್ದ ಯಜಮಾನರು “ಏಮಾಯಿಂದಿ, ಏಮಾಯಿಂದಿ” ಎಂದು, ಏನಾಯಿತೋ ಎಂಬ ಗಾಬರಿಯಲ್ಲಿ ಎದ್ದು ಓಡಿ ಬಂದರು. ಎದುರು ಮನೆಯ ನಾಯಿ ಬೊಗಳಿತು. ಶೋಭಾಳ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ಸರಸಮ್ಮ ಕಾಂಪೌಂಡಿನ ಮೇಲಿಂದ ತಲೆಯೆತ್ತಿ, ಯಾರನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು, ಆಟೋ ಕರೆಯಲೇ ಎಂದು ವಿಚಾರಿಸಿದರು. ಅಮ್ಮನೊಬ್ಬಳು ಮಾತ್ರ ಕದಲದೆ, ನನ್ನ ಕೈ ಬಿಡದೆ, ಕೂತಲ್ಲೇ ಕೂತಿದ್ದಳು. ನಮ್ಮ ಬೀದಿಗೆಲ್ಲ ಈಗ ನನ್ನ ತಪ್ಪು ಏನೆಂದು ಗೊತ್ತಿದೆ.